ತಾಮ್ರ, ಹಿತ್ತಾಳೆ, ಬೆಳ್ಳಿ: ಮೂರು ತಂತಿಗೂ ಒಂದೇ ಹದ

ಪ್ರಶ್ನೆ: ನಾನು ಮನೆಯಲ್ಲೇ ತಂತಿಯಿಂದ ಬಳೆ, ಉಂಗುರ, ಓಲೆ ಮಾಡುತ್ತೇನೆ. ಒಂದೇ ಲೋಹದ ತಂತಿಗಳನ್ನು ಸುತ್ತಿದರೆ ಹುರಿ ಚೆನ್ನಾಗಿ ಬರುತ್ತದೆ. ತಾಮ್ರ, ಹಿತ್ತಾಳೆ, ಬೆಳ್ಳಿ ಸೇರಿಸಿ ಸುತ್ತಿದರೆ ಮಾತ್ರ ಕೆಡುತ್ತದೆ. ಹಿತ್ತಾಳೆ ನೆಟ್ಟಗೆ ನಿಂತುಬಿಡುತ್ತದೆ, ಉಳಿದೆರಡು ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ ಅದನ್ನು ಸುತ್ತಿಕೊಳ್ಳುತ್ತವೆ. ಬಿಗಿ ಮಾಡಲು ಹೋದರೆ ತುದಿಯಲ್ಲಿ ತುಂಡಾಗುತ್ತದೆ. ಒಮ್ಮೆ ಚೆನ್ನಾಗಿ ಬಂದಿದ್ದ ಹುರಿಯನ್ನು ಬಳೆ ಮಾಡಿ ಬೆಸೆಯಲು ಹೋದೆ, ಬೆಳ್ಳಿ ಕರಗಿ ಹರಿದೇ ಹೋಯಿತು. ತೊಟ್ಟವರು ಕೈ ಹಸಿರಾಗುತ್ತದೆ ಅನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನಿಮ್ಮ ಕೈ ಚೆನ್ನಾಗಿಯೇ ಇದೆ. ಒಂದೇ ಲೋಹದ ಹುರಿ ಸರಿಯಾಗಿ ಬರುತ್ತದೆ ಅಂದಮೇಲೆ ಸುತ್ತುವ ಕೆಲಸ ನಿಮಗೆ ಒಲಿದಿದೆ. ಹುರಿ ಕೆಡುವುದರ ಬೇರು ಸುತ್ತುವುದಕ್ಕೆ ಮುಂಚೆಯೇ ಇದೆ. ಮೂರು ತಂತಿಗಳು ಒಂದೇ ಹದಕ್ಕೆ ಬಂದಿಲ್ಲ, ಒಂದೇ ಬಿಗಿಯಲ್ಲಿ ನಿಂತಿಲ್ಲ. ಇವೆರಡನ್ನು ಸರಿ ಮಾಡಿಕೊಂಡರೆ ಹುರಿ ತಾನಾಗಿ ಸರಿಹೋಗುತ್ತದೆ. ಬೆಸುಗೆಯ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹದ. ತಂತಿ ಮಾಡುವಾಗ ದಪ್ಪ ಕಂಬಿಯನ್ನು ತೂತುಗಳ ಮೂಲಕ ಎಳೆದೆಳೆದು ತೆಳ್ಳಗೆ ಮಾಡುತ್ತಾರೆ. ಎಳೆದಷ್ಟೂ ಲೋಹ ಗಡುಸಾಗುತ್ತದೆ. ಒಳಗಿನ ಸಣ್ಣ ಸಣ್ಣ ಹರಳುಗಳು ನುಜ್ಜಾಗಿ, ಜಾರಲು ಜಾಗ ಸಿಗದೆ ಸಿಕ್ಕಿಹಾಕಿಕೊಳ್ಳುತ್ತವೆ. ಕಾಯಿಸಿದರೆ ಹೊಸ ಹರಳುಗಳು ಹುಟ್ಟಿ ಲೋಹ ಮತ್ತೆ ಮೆದುವಾಗುತ್ತದೆ. ಎಳೆದ ಮೇಲೆ ಕಾಯಿಸಿ ಮಾರಿದ ತಂತಿ ಪೂರ್ತಿ ಮೆದು. ಕಾಯಿಸಿದ ಮೇಲೆ ಮತ್ತೆ ಸ್ವಲ್ಪ ಎಳೆದದ್ದು ಅರೆಗಡುಸು. ಎಳೆದು ಹಾಗೇ ಬಿಟ್ಟಿದ್ದು ಪೂರ್ತಿ ಗಡುಸು. ಸುರುಳಿಯಲ್ಲಿ ನೋಡಿದರೆ ಮೂರೂ ಒಂದೇ ತರ ಕಾಣುತ್ತವೆ. ತಾಮ್ರದ ತಂತಿ ಸಾಮಾನ್ಯವಾಗಿ ಮೆದುವಾಗಿಯೇ ಸಿಗುತ್ತದೆ. ಹಿತ್ತಾಳೆ ಹಾಗಲ್ಲ, ಅದು ಹೆಚ್ಚಾಗಿ ಅರೆಗಡುಸಾಗಿಯೇ ಕೈಗೆ ಬರುತ್ತದೆ. ಮೇಲಾಗಿ ಅದರಲ್ಲಿರುವ ಸತುವಿನಿಂದಾಗಿ ಸುತ್ತುವಾಗ ತಾಮ್ರಕ್ಕಿಂತ ಬೇಗ ಬಿಗಿಯುತ್ತದೆ.

ಈಗ ಸುತ್ತುವಾಗ ಏನಾಗುತ್ತದೆ ನೋಡಿ. ಹುರಿ ಅಂದರೆ ಪ್ರತಿ ಎಳೆಯೂ ಉಳಿದ ಎಳೆಗಳಿಗೆ ಅಷ್ಟಿಷ್ಟು ಬಗ್ಗಿ ಕೊಡಬೇಕು. ಒಂದು ಎಳೆ ಬಗ್ಗಲು ಒಪ್ಪದಿದ್ದರೆ ಅದು ನಡುವೆ ನೆಟ್ಟಗೆ ನಿಲ್ಲುತ್ತದೆ, ಬಗ್ಗುವವು ಅದರ ಸುತ್ತ ಹೋಗುತ್ತವೆ. ನಿಮ್ಮ ಹಿತ್ತಾಳೆ ಮಾಡಿದ್ದು ಇದನ್ನೇ. ಆಮೇಲೆ ಎಷ್ಟು ಸುತ್ತಿದರೂ ಅದು ಸರಿಹೋಗುವುದಿಲ್ಲ. ಬಗ್ಗಿದ ಎಳೆಗಳ ಮೇಲೇ ಹೊರೆ ಬಿದ್ದು, ಕೊನೆಗೆ ಅವೇ ತುಂಡಾಗುತ್ತವೆ.

ಹದ ನೋಡಲು ಯಾವ ಸಲಕರಣೆಯೂ ಬೇಡ. ಮೂರು ತಂತಿಗಳಿಂದಲೂ ಒಂದೊಂದು ಗೇಣು ತುಂಡು ಮಾಡಿ. ಒಂದೊಂದನ್ನೂ ಬೆರಳಿಗೆ ಒಂದು ಸುತ್ತು ಸುತ್ತಿ ಬಿಟ್ಟುಬಿಡಿ. ಮೆದು ತಂತಿ ಬೆರಳಿನ ಅಳತೆಗೇ ನಿಲ್ಲುತ್ತದೆ. ಗಡುಸು ತಂತಿ ಬಿಟ್ಟ ಕೂಡಲೇ ಹಿಗ್ಗಿ ದೂರ ಹೋಗುತ್ತದೆ. ಮೂರು ಉಂಗುರಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಆ ತಂತಿಗಳನ್ನು ಒಟ್ಟಿಗೆ ಸುತ್ತಲು ಹೋಗಬೇಡಿ. ಈ ಪರೀಕ್ಷೆಯನ್ನು ಪ್ರತಿ ಹೊಸ ಸುರುಳಿಗೂ ಮಾಡುವುದು ಒಳ್ಳೆಯದು.

ದಪ್ಪದಲ್ಲೂ ಒಂದು ಮೋಸ ಇದೆ. ನೀವು ಮೂರನ್ನೂ 18 ಗೇಜ್ ಅಂತಲೇ ಕೇಳಿ ತಂದಿರಬಹುದು. ಆದರೆ ತಂತಿಯ ದಪ್ಪ ಹೇಳುವ ಈ ಗೇಜ್ ಲೆಕ್ಕ ಎರಡು ಬಗೆಯದು. ಅಮೆರಿಕನ್ ಲೆಕ್ಕದಲ್ಲಿ 18 ಗೇಜ್ ಅಂದರೆ 1.02 ಮಿ.ಮೀ. ಬ್ರಿಟಿಷ್ ಲೆಕ್ಕದಲ್ಲಿ ಅದೇ 18 ಗೇಜ್ ಅಂದರೆ 1.22 ಮಿ.ಮೀ. ಕಣ್ಣಿಗೆ ಇದು ಸಣ್ಣ ವ್ಯತ್ಯಾಸ. ಆದರೆ ತಂತಿಯ ಬಿಗುವು ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಹಾಗಾಗಿ 1.22 ಮಿ.ಮೀ. ತಂತಿ ಅದೇ ಲೋಹದ 1.02 ಮಿ.ಮೀ. ತಂತಿಗಿಂತ ಸುಮಾರು ಎರಡು ಪಟ್ಟು ಬಿಗುವಾಗಿರುತ್ತದೆ. ಹದ ಒಂದೇ ಆದರೂ ಹುರಿ ಕೆಡಲು ಇಷ್ಟು ಸಾಕು. ತಂತಿ ಕೊಳ್ಳುವಾಗ ಮಿಲಿಮೀಟರಿನಲ್ಲೇ ಕೇಳಿ. ಒಂದು ಕ್ಯಾಲಿಪರ್ ಇಟ್ಟುಕೊಂಡು ಅಳೆದರೆ ಇನ್ನೂ ಒಳ್ಳೆಯದು.

ಹಾಗೆಯೇ, ಕೈಯಲ್ಲಿರುವುದು ಏನು ಅಂತ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಬೆಳ್ಳಿ ಕರಗಿ ಹರಿದಿದೆ ಅಂದಮೇಲೆ ಅದು ನಿಜವಾದ ಬೆಳ್ಳಿಯೇ ಇರಬೇಕು. ಆದರೆ ಬೆಳ್ಳಿಯಂತೆ ಹೊಳೆಯುವ ತಂತಿಗಳಲ್ಲಿ ಎಷ್ಟೋ ಬರೀ ಬೆಳ್ಳಿ ಲೇಪದ ತಾಮ್ರ. ತುದಿಯನ್ನು ಕತ್ತರಿಸಿ, ಅರದಲ್ಲಿ ಒಮ್ಮೆ ಉಜ್ಜಿ ನೋಡಿ. ಒಳಗೆ ಕೆಂಪು ಕಂಡರೆ ಲೇಪ. ಅದನ್ನು ಕಾಯಿಸಬಾರದು, ಲೇಪ ಕೆಡುತ್ತದೆ. ಜರ್ಮನ್ ಸಿಲ್ವರ್ ಅಂತ ಬರುವುದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಗಡುಸು ಜಾಸ್ತಿ, ಮೇಲೆ ನಿಕಲ್ ಹಲವರ ಚರ್ಮಕ್ಕೆ ಆಗುವುದಿಲ್ಲ. ಮೈಗೆ ತಾಗುವ ಒಡವೆಗೆ ನಾನಂತೂ ಅದನ್ನು ಬಳಸುವುದಿಲ್ಲ. ಅಲ್ಯುಮಿನಿಯಂ ತಂತಿಯನ್ನೂ ಈ ಗುಂಪಿಗೆ ಸೇರಿಸಬೇಡಿ. ತಾಮ್ರದ ಪಕ್ಕದಲ್ಲಿ ಬೆವರು ತಾಗಿದರೆ ಅದು ಬೇಗ ಸವೆದು ಬಿಳಿ ಪುಡಿ ಬಿಡುತ್ತದೆ.

ಈಗ ಕಾಯಿಸುವುದು. ಒಂಟಿ ತಂತಿಗೆ ನೇರವಾಗಿ ಉರಿ ಹಿಡಿದರೆ ಒಂದು ಕಡೆ ಕರಗುತ್ತದೆ, ಇನ್ನೊಂದು ಕಡೆ ಹಸಿಯಾಗಿಯೇ ಇರುತ್ತದೆ. ಆದ್ದರಿಂದ ತಂತಿಯನ್ನು ಬಿಗಿಯಾದ ಸಣ್ಣ ಸುರುಳಿ ಮಾಡಿ, ಅದೇ ತಂತಿಯ ತುದಿಯಿಂದ ಎರಡು ಮೂರು ಕಡೆ ಕಟ್ಟಿ. ಪ್ರತಿ ಲೋಹಕ್ಕೂ ಬೇರೆ ಬೇರೆ ಸುರುಳಿ. ಬೆಂಕಿ ಇಟ್ಟಿಗೆಯ ಮೇಲಿಟ್ಟು, ಗ್ಯಾಸ್ ಟಾರ್ಚಿನ ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸುತ್ತಾ ಹೋಗಿ. ಕೋಣೆಯ ಬೆಳಕು ಮಬ್ಬಾಗಿರಲಿ. ಜೋರು ಬೆಳಕಿನಲ್ಲಿ ಲೋಹದ ಬಣ್ಣ ತಿಳಿಯುವುದೇ ಇಲ್ಲ, ನಿಮಗೆ ಕೆಂಪು ಕಾಣುವ ಹೊತ್ತಿಗೆ ಅದು ಅಳತೆ ಮೀರಿರುತ್ತದೆ. ಮಬ್ಬಿನಲ್ಲಿ ಮಾಸಲು ಕೆಂಪು ಆಗತಾನೆ ಮೂಡಿದರೆ ಸಾಕು, ಉರಿ ತೆಗೆಯಿರಿ. ತಾಮ್ರ ಸ್ವಲ್ಪ ಜಾಸ್ತಿ ಕಾದರೂ ತಡೆದುಕೊಳ್ಳುತ್ತದೆ. ಬೆಳ್ಳಿ, ಹಿತ್ತಾಳೆಗೆ ಆ ತಾಳ್ಮೆ ಇಲ್ಲ. ಬೆಳ್ಳಿಗೆ 600ರಿಂದ 650 ಡಿಗ್ರಿ ಸೆಲ್ಸಿಯಸ್ ಧಾರಾಳ. ಸುರುಳಿಯ ಮೇಲೆ ಒಂದು ಚುಕ್ಕೆ ಪೇಸ್ಟ್ ಫ್ಲಕ್ಸ್ (ಬೆಸೆಯುವಾಗ ಲೋಹಕ್ಕೆ ಹಚ್ಚುವ ಲೇಪ) ಹಚ್ಚಿಟ್ಟರೆ ಅದೇ ನಿಮಗೆ ಗುರುತು ಹೇಳುತ್ತದೆ. ಮೊದಲು ಬೆಳ್ಳಗೆ ಉಬ್ಬಿ, ಆಮೇಲೆ 600 ಡಿಗ್ರಿಯ ಆಸುಪಾಸಿನಲ್ಲಿ ಗಾಜಿನಂತೆ ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ನಿಲ್ಲಿಸಿ.

ತಾಮ್ರವನ್ನು ಬಿಸಿ ಇರುವಾಗಲೇ ನೀರಿಗೆ ಹಾಕಬಹುದು. ಬೆಳ್ಳಿ, ಹಿತ್ತಾಳೆಯ ಕೆಂಪು ಆರುವವರೆಗೆ ಕಾಯಿರಿ. ಗಡುಸಾಗಿರುವ ಹಿತ್ತಾಳೆಗೆ ಒಮ್ಮೆಲೇ ಜೋರು ಉರಿ ಕೊಟ್ಟರೆ ಬಿರುಕು ಬಿಡುವುದುಂಟು, ಅದಕ್ಕೆ ಉರಿಯನ್ನು ನಿಧಾನಕ್ಕೆ ಏರಿಸಿ. ಮೇಲೆ ಕೂತ ಕಪ್ಪನ್ನು ತೆಗೆಯಲು ಬಿಸಿನೀರಿಗೆ ಸಿಟ್ರಿಕ್ ಆಸಿಡ್ ಹರಳು ಕರಗಿಸಿ ಅದರಲ್ಲಿ ನೆನೆಸಿಡಿ. ಆ ದ್ರಾವಣಕ್ಕೆ ಕಬ್ಬಿಣದ ಇಕ್ಕಳ ಹಾಕಬೇಡಿ. ದ್ರಾವಣದಲ್ಲಿ ಕರಗಿರುವ ತಾಮ್ರವೆಲ್ಲ ಬೆಳ್ಳಿಯ ಮೇಲೆ ಕೆಂಪಗೆ ಕೂತುಬಿಡುತ್ತದೆ. ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಇಕ್ಕಳ ಸಾಕು. ಹಿತ್ತಾಳೆ ಈ ದ್ರಾವಣದಿಂದ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗಿ ಬಂದರೆ ಗಾಬರಿ ಬೇಡ. ಸೋಪು ನೀರು ಹಾಕಿ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಹಳದಿ ಮತ್ತೆ ಬರುತ್ತದೆ. 0.6 ಮಿ.ಮೀ.ಗಿಂತ ತೆಳ್ಳಗಿನ ತಂತಿಗಳನ್ನು ಮಾತ್ರ ಕಾಯಿಸುವ ಗೋಜಿಗೆ ಹೋಗದೆ ಮೆದು ಹದದ್ದನ್ನೇ ಕೊಳ್ಳಿ.

ಹದ ಆಯಿತು, ಇನ್ನು ಬಿಗಿ. ಒಂದೇ ಲೋಹದ ಎರಡೆಳೆ ಹುರಿಗೆ ನೀವು ಒಂದು ಉದ್ದ ತಂತಿಯನ್ನು ನಡುವೆ ಮಡಚಿ ಸುತ್ತುತ್ತೀರಿ, ಅಲ್ವಾ? ಆ ಮಡಿಕೆಯೇ ಎರಡೂ ಎಳೆಗಳನ್ನು ಸಮವಾಗಿ ಹಿಡಿದಿರುತ್ತದೆ. ಬೇರೆ ಬೇರೆ ಲೋಹಕ್ಕೆ ಆ ಮಡಿಕೆ ಇಲ್ಲ. ಮೂರು ಎಳೆಗಳಿಗೆ ಆರು ತುದಿ, ಅದರಲ್ಲಿ ಒಂದು ಕೂದಲೆಳೆಯಷ್ಟು ಜಾರಿದರೂ ಆ ಎಳೆ ಸಡಿಲಾಗಿ ಮೇಲೆ ಬುಗ್ಗೆಯೆದ್ದು ನಿಲ್ಲುತ್ತದೆ. ಮಿಶ್ರ ಲೋಹದ ಹುರಿಯಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಈ ತುದಿಗಳ ಮೇಲೆಯೇ.

ಹೀಗೆ ಮಾಡಿ. ಮೂರು ತಂತಿಗಳನ್ನೂ ಒಂದೊಂದಾಗಿ ವೈಸಿಗೆ (ಮೇಜಿಗೆ ಬಿಗಿದ, ವಸ್ತುವನ್ನು ಕಚ್ಚಿ ಹಿಡಿಯುವ ಸಲಕರಣೆ) ಹಿಡಿಸಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಮೆತ್ತಗೆ ಎಳೆಯಿರಿ. ಒಂದು ಹಂತದಲ್ಲಿ ತಂತಿ ಸ್ವಲ್ಪವೇ ಸ್ವಲ್ಪ ಬಿಟ್ಟುಕೊಟ್ಟ ಹಾಗೆ ಕೈಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ. ತಂತಿಯ ಡೊಂಕೆಲ್ಲ ಹೋಗಿ ಗೀಟು ಎಳೆದಂತೆ ನೆಟ್ಟಗಾಗಿರುತ್ತದೆ. ಜಾಸ್ತಿ ಎಳೆದರೆ ಮತ್ತೆ ಗಡುಸಾಗುತ್ತದೆ. ಆಮೇಲೆ ಮೂರನ್ನೂ ಬಟ್ಟೆಯಿಂದ ಒರೆಸಿ ಪಕ್ಕಪಕ್ಕ ಇಟ್ಟು, ಒಂದು ತುದಿಯಲ್ಲಿ ಇಕ್ಕಳದಿಂದ ಎರಡು ಮೂರು ಸುತ್ತು ಕೈಯಲ್ಲೇ ತಿರುಚಿ. ಆ ತಿರುಚಿದ ಗಂಟನ್ನು ವೈಸಿನೊಳಗೆ ಹಿಡಿಸಿ. ವೈಸಿನ ಬಾಯಿಗೆ ಚರ್ಮದ ತುಂಡೋ ತೆಳು ತಾಮ್ರದ ತಗಡೋ ಹಾಕಿರಲಿ. ನಿಮ್ಮ ತಂತಿ ತುದಿಯಲ್ಲಿ ತುಂಡಾಗುವುದಕ್ಕೆ ವೈಸಿನ ಹಲ್ಲು ಕೂಡ ಕಾರಣ. ಹಲ್ಲು ಕಚ್ಚಿದ ಕಡೆ ಒಂದು ಗಾಯ ಆಗುತ್ತದೆ, ತಿರುಚುವಿಕೆ ಅಲ್ಲೇ ಸೇರಿ ಅಲ್ಲೇ ಕಿತ್ತುಬರುತ್ತದೆ. ಇನ್ನೊಂದು ತುದಿಯಲ್ಲಿ ಮೂರು ಎಳೆಗಳನ್ನೂ ಮತ್ತೊಮ್ಮೆ ಸಮ ಮಾಡಿ, ಬಿಗಿಯಾಗಿ ಎಳೆದು ಹಿಡಿದು, ಅದೇ ತರ ತಿರುಚಿ ಹ್ಯಾಂಡ್ ಡ್ರಿಲ್ಲಿನ ಬಾಯಿಗೆ ಹಾಕಿ.

ಹ್ಯಾಂಡ್ ಡ್ರಿಲ್ ಅಂದರೆ ಕೈಯಲ್ಲಿ ತಿರುಗಿಸುವ ಹಳೇ ಬಗೆಯದು. ಕರೆಂಟಿನ ಡ್ರಿಲ್ ಕೂಡ ಆಗುತ್ತದೆ, ಆದರೆ ಅತಿ ನಿಧಾನದ ವೇಗದಲ್ಲಿ ಮಾತ್ರ. ಕೂದಲು ಕಟ್ಟಿಕೊಳ್ಳಿ, ಸಡಿಲ ತೋಳು ಮಡಚಿಕೊಳ್ಳಿ, ಕೈಗವಸು ಬೇಡ, ಕನ್ನಡಕ ಬೇಕೇ ಬೇಕು. ತಿರುಗಿಸುವಾಗ ಡ್ರಿಲ್ಲನ್ನು ನಿಮ್ಮ ಕಡೆಗೆ ಸದಾ ಒಂದೇ ಸಮ ಎಳೆದುಕೊಂಡಿರಿ. ಹುರಿ ಕುಗ್ಗುತ್ತಾ ನಿಮ್ಮನ್ನು ವೈಸಿನ ಕಡೆ ಎಳೆಯುತ್ತದೆ, ಅದರ ಜೊತೆ ಹೋಗಿ, ಆದರೆ ಬಿಗಿ ಬಿಡಬೇಡಿ. ಮೊದಲ ಕೆಲವು ಸುತ್ತು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಕೆಂಪು, ಹಳದಿ, ಬಿಳಿ ಪಟ್ಟೆಗಳು ಉದ್ದುದ್ದಕ್ಕೆ ಓರೆಯಾಗಿ ಮೂಡುತ್ತವೆ. ಇನ್ನೂ ಸುತ್ತಿದರೆ ಪಟ್ಟೆಗಳು ಹತ್ತಿರವಾಗಿ, ಎಳೆಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಕಣ್ಣು ಎಲ್ಲಾ ಉದ್ದಕ್ಕೂ ಓಡಾಡುತ್ತಿರಲಿ. ಒಂದು ಕಡೆ ಪಟ್ಟೆ ಅಗಲ, ಇನ್ನೊಂದು ಕಡೆ ಕಿರಿದು ಕಂಡರೆ ನಿಲ್ಲಿಸಿ. ಸಡಿಲ ಇರುವ ಕಡೆಯನ್ನು ಬೆರಳಲ್ಲಿ ಹಿಡಿದು ಮೆತ್ತಗೆ ತಿರುಚಿ ಸಮ ಮಾಡಿ ಮುಂದುವರಿಯಿರಿ. ಇದನ್ನು ಆರಂಭದಲ್ಲೇ ಮಾಡಬೇಕು, ಹುರಿ ಬಿಗಿದ ಮೇಲೆ ಆಗುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು? ಒಂದು ಎಳೆ ಪೂರ್ತಿ ಒಂದು ಸುತ್ತು ಬರಲು ಹಿಡಿಯುವ ಉದ್ದವನ್ನು ಅಳೆಯಿರಿ. 1 ಮಿ.ಮೀ. ತಂತಿಯ ಮೂರೆಳೆ ಹುರಿಗೆ ಅದು 6 ಮಿ.ಮೀ. ಆಸುಪಾಸು ಇದ್ದರೆ ನೋಡಲು ಚೆಂದ, ತಂತಿಗೂ ನೆಮ್ಮದಿ. 4 ಮಿ.ಮೀ.ಗೆ ಬಂದರೆ ತುಂಬಾ ಬಿಗಿ. ಅದಕ್ಕೂ ಮುಂದೆ ಹೋದರೆ ಎಳೆಗಳು ಒಂದನ್ನೊಂದು ಒತ್ತಿ ಹಿಡಿದು, ಸುತ್ತಲು ಜಾಗವೇ ಉಳಿಯುವುದಿಲ್ಲ. ಆಗ ಒಂದೋ ತುಂಡಾಗುತ್ತದೆ, ಇಲ್ಲವೇ ಬಿಗಿ ಸ್ವಲ್ಪ ಬಿಟ್ಟರೂ ನಡುವೆ ಕುಣಿಕೆ ಬೀಳುತ್ತದೆ. ಸುತ್ತಿ ಮುಗಿದ ಮೇಲೆ ಡ್ರಿಲ್ಲನ್ನು ತಟ್ಟನೆ ಬಿಡಬೇಡಿ. ಹುರಿ ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಅದನ್ನು ನಿಧಾನಕ್ಕೆ ತಿರುಗಲು ಬಿಟ್ಟು, ಆಮೇಲೆ ಒಮ್ಮೆ ಬಲವಾಗಿ ಎಳೆದು ನೆಟ್ಟಗೆ ಮಾಡಿ ಬಿಚ್ಚಿ.

ತಂತಿ ಎಷ್ಟು ಉದ್ದ ಬೇಕು ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಮೂರೆಳೆಯ ಹುರಿಯಲ್ಲಿ, 1 ಮಿ.ಮೀ. ತಂತಿಗೆ 6 ಮಿ.ಮೀ. ಸುತ್ತು ಇಟ್ಟರೆ ತಂತಿ ಹುರಿಗಿಂತ ನೂರಕ್ಕೆ 17ರಷ್ಟು ಜಾಸ್ತಿ ಬೇಕು. 4 ಮಿ.ಮೀ. ಸುತ್ತಿಗೆ ನೂರಕ್ಕೆ 35ರಷ್ಟು. ಒಳಗಿನ ಅಡ್ಡಳತೆ 60 ಮಿ.ಮೀ. ಇರುವ ಬಳೆ ಅಂದುಕೊಳ್ಳಿ. ಹುರಿಯ ದಪ್ಪ ಸುಮಾರು 2.15 ಮಿ.ಮೀ. ಆಗುತ್ತದೆ. 60ಕ್ಕೆ ಅದನ್ನು ಕೂಡಿಸಿ 3.14ರಿಂದ ಗುಣಿಸಿದರೆ 195 ಮಿ.ಮೀ. ಹುರಿ ಬೇಕು. ಅದಕ್ಕೆ ನೂರಕ್ಕೆ 17 ಸೇರಿಸಿದರೆ 228 ಮಿ.ಮೀ. ಎರಡೂ ತುದಿಯಲ್ಲಿ ಹಿಡಿಕೆಗೆ ಹೋಗುವ ಮೂರು ಮೂರು ಸೆಂಟಿಮೀಟರ್ ಸೇರಿಸಿ, 30 ಸೆಂ.ಮೀ. ತಂತಿ ಕತ್ತರಿಸಿ. ಹೀಗೆ ಲೆಕ್ಕ ಹಾಕಿದರೆ ಬೆಳ್ಳಿ ಸುಮ್ನೆ ಪೋಲಾಗುವುದಿಲ್ಲ.

ದಪ್ಪ ತಂತಿ, ತೆಳು ತಂತಿ ಎರಡನ್ನೂ ಒಂದೇ ಹುರಿಯಲ್ಲಿ ತರಬೇಕು ಅನಿಸಿದರೆ ಒಟ್ಟಿಗೆ ಸುತ್ತಬೇಡಿ. ಮೊದಲು ದಪ್ಪ ತಂತಿಗಳಲ್ಲಿ ಎರಡೆಳೆ ಹುರಿ ಮಾಡಿ, ಸ್ವಲ್ಪ ಸಡಿಲಾಗಿಯೇ. ಎರಡು ಎಳೆಗಳ ನಡುವೆ ಉದ್ದಕ್ಕೂ ಒಂದು ಕಾಲುವೆ ಓಡಿರುತ್ತದೆ. 0.4 ಅಥವಾ 0.5 ಮಿ.ಮೀ. ಬೆಳ್ಳಿ ತಂತಿಯ ತುದಿಯನ್ನು ಒಂದು ಕಡೆ ಸಿಕ್ಕಿಸಿ, ಆ ಕಾಲುವೆಯೊಳಗೆ ಬೆರಳಿನಿಂದ ಒತ್ತುತ್ತಾ ಸುತ್ತಿಕೊಂಡು ಹೋಗಿ. ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ಡ್ರಿಲ್ಲಿನಲ್ಲಿ ಇನ್ನೊಂದೆರಡು ಸುತ್ತು ಕೊಟ್ಟರೆ ತೆಳು ಎಳೆ ಭದ್ರವಾಗಿ ಕೂರುತ್ತದೆ. ಬೆಳ್ಳಿ ಕಡಿಮೆ ಹಿಡಿಯುತ್ತದೆ, ಆದರೆ ಕಣ್ಣಿಗೆ ಮೊದಲು ಬೀಳುವುದು ಅದೇ. ಎರಡೆಳೆ ಬೆಳ್ಳಿಯನ್ನು ಮೊದಲೇ ಸಣ್ಣ ಹುರಿ ಮಾಡಿಕೊಂಡು ಅದನ್ನೇ ಕಾಲುವೆಗೆ ಕೂರಿಸಿದರೆ ಮಣಿ ಪೋಣಿಸಿದ ಹಾಗೆ ಮಿನುಗುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟ ಇದೇ.

ಇನ್ನೊಂದು ಬಗೆ: ಒಂದು ಹುರಿಯನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತಿ ಪಕ್ಕಪಕ್ಕ ಇಡಿ. ಪಟ್ಟೆಗಳು ಎದುರುಬದುರಾಗಿ ಕೂಡಿ ಜಡೆ ಹೆಣೆದಂತೆ ಕಾಣುತ್ತದೆ. ಹೆಣೆಯುವ ಕೆಲಸವೇ ಇಲ್ಲ.

ಹುರಿಗಳನ್ನೇ ಮತ್ತೆ ಹುರಿ ಮಾಡುವುದು ಬಹಳ ಹಳೇ ವಿದ್ಯೆ. ಇಂಗ್ಲೆಂಡಿನ ನಾರ್ಫೋಕ್‌ನ ಸ್ನೆಟಿಶಮ್‌ನಲ್ಲಿ 1950ರಲ್ಲಿ ಹೊಲ ಉಳುವಾಗ ಒಂದು ದಪ್ಪ ಕೊರಳ ಕಡಗ ಸಿಕ್ಕಿತು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಚಿನ್ನಕ್ಕೆ ಬೆಳ್ಳಿ ಬೆರೆಸಿದ ಅದರ ತೂಕ ಒಂದು ಕಿಲೋಗಿಂತ ಜಾಸ್ತಿ. ಅದರಲ್ಲಿ 64 ತಂತಿಗಳಿವೆ. ಎಂಟೆಂಟು ಎಳೆ ಸೇರಿಸಿ ಎಂಟು ಹಗ್ಗ ಮಾಡಿ, ಆ ಎಂಟನ್ನೂ ಮತ್ತೆ ಒಟ್ಟಿಗೆ ಸುತ್ತಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದಿನ ಕೆಲಸ ಅದು. ಅದರ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಒಂದು ಎಳೆಯೂ ಎಲ್ಲೂ ಬುಗ್ಗೆಯೆದ್ದಿಲ್ಲ. ನೀವೂ ಹೀಗೆ ಹಂತ ಹಂತವಾಗಿ ಸುತ್ತುವುದಾದರೆ, ಪ್ರತಿ ಹಂತದ ನಡುವೆ ಹುರಿಯನ್ನು ಮತ್ತೆ ಕಾಯಿಸಿ ಮೆದು ಮಾಡಬೇಕು. ಸುತ್ತುವುದರಿಂದಲೇ ತಂತಿ ಗಡುಸಾಗಿರುತ್ತದೆ. ಬೆಳ್ಳಿ, ತಾಮ್ರ ಜೊತೆಯಾಗಿರುವ ಹುರಿಯನ್ನು ಕಾಯಿಸುವಾಗ ಮಾತ್ರ 650 ಡಿಗ್ರಿ ದಾಟಬೇಡಿ. ಅದಕ್ಕೆ ಕಾರಣವೂ ನಿಮ್ಮ ಬಳೆಯ ಬೆಳ್ಳಿ ಹರಿದುಹೋದದ್ದಕ್ಕೆ ಕಾರಣವೂ ಒಂದೇ.

ಅಪ್ಪಟ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ತಾಮ್ರ 1085 ಡಿಗ್ರಿಯಲ್ಲಿ. ಹಾಗಾದರೆ 900ರವರೆಗೆ ಭಯವಿಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಇವೆರಡೂ ಒಂದಕ್ಕೊಂದು ಒತ್ತಿಕೊಂಡಿರುವ ಜಾಗದಲ್ಲಿ ಲೆಕ್ಕವೇ ಬೇರೆ. ಬೆಳ್ಳಿ, ತಾಮ್ರ ಬೆರೆತಾಗ, 72 ಪಾಲು ಬೆಳ್ಳಿಗೆ 28 ಪಾಲು ತಾಮ್ರ ಇರುವ ಮಿಶ್ರಣ 780 ಡಿಗ್ರಿಯಲ್ಲೇ ನೀರಾಗುತ್ತದೆ. ಹುರಿಯಲ್ಲಿ ಎಳೆಗಳು ಉದ್ದಕ್ಕೂ ತಾಗಿಕೊಂಡಿವೆ. 780 ದಾಟಿದ ಕೂಡಲೇ ತಾಗಿದ ಕಡೆಯೆಲ್ಲ ಈ ಮಿಶ್ರಣ ಹುಟ್ಟಿ ಹರಿಯತೊಡಗುತ್ತದೆ, ಹರಿಯುತ್ತಾ ಅಕ್ಕಪಕ್ಕದ ಬೆಳ್ಳಿಯನ್ನೂ ತಿನ್ನುತ್ತಾ ಹೋಗುತ್ತದೆ. ಹಿತ್ತಾಳೆ ಜೊತೆಗಿದ್ದರೆ ಇನ್ನೂ ಕಷ್ಟ. ಹಿತ್ತಾಳೆಯಲ್ಲಿ ಸತು ಇದೆ. ಬೆಳ್ಳಿ, ತಾಮ್ರ, ಸತು ಮೂರೂ ಸೇರಿದರೆ ಅದೇ ಬೆಳ್ಳಿ ಬೆಸುಗೆ. ನೀವು ಬೆಸೆಯಲು ತರುವ ಪಟ್ಟಿಯಲ್ಲಿ ಇರುವುದು ಮುಖ್ಯವಾಗಿ ಇವೇ. ಅಂದರೆ ಮೂರೆಳೆ ಹುರಿಗೆ ಜೋರು ಉರಿ ಕೊಟ್ಟಾಗ ಬಳೆಯೇ ಬೆಸುಗೆಯಾಗಿ ಕರಗುತ್ತದೆ.

ಬೆಸೆಯಲೇಬೇಕು ಅಂತಿದ್ದರೆ, ಬೆಸುಗೆಗಳಲ್ಲಿ ಎಲ್ಲಕ್ಕಿಂತ ಬೇಗ ಕರಗುವ, 700 ಡಿಗ್ರಿಯ ಆಚೀಚೆ ಹರಿಯುವ ಬಗೆಯನ್ನು ತೆಗೆದುಕೊಳ್ಳಿ. ಕ್ಯಾಡ್ಮಿಯಂ ಇಲ್ಲದ್ದೇ ಆಗಿರಲಿ, ಅದರ ಹೊಗೆ ವಿಷ. ಎರಡೂ ತುದಿಗಳನ್ನು ಅರದಿಂದ ಚಪ್ಪಟೆಯಾಗಿ ಉಜ್ಜಿ, ನಡುವೆ ಬೆಳಕು ತೂರದಂತೆ ಕೂಡಿಸಿ. ಸಂದು ಇದ್ದರೆ ಅದನ್ನು ತುಂಬಿಸುವ ಆತುರದಲ್ಲೇ ಉರಿ ಜಾಸ್ತಿ ಆಗುತ್ತದೆ. ಫ್ಲಕ್ಸ್ ಹಚ್ಚಿ, ಉರಿಯನ್ನು ಹಿತ್ತಾಳೆ ಎಳೆಯ ಮೇಲೆ ನಿಲ್ಲಿಸದೆ ಆಡಿಸಿ. ತಾಮ್ರ, ಬೆಳ್ಳಿ ಶಾಖವನ್ನು ಹಿತ್ತಾಳೆಗಿಂತ ಮೂರು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹಂಚಿಬಿಡುತ್ತವೆ. ಹಿತ್ತಾಳೆ ಬಿಸಿಯನ್ನು ಇದ್ದಲ್ಲೇ ಇಟ್ಟುಕೊಂಡು ಅಲ್ಲೇ ಕುಸಿಯುತ್ತದೆ. ಬಿಳಿ ಹೊಗೆ ಕಂಡರೆ ಸತು ಆವಿಯಾಗುತ್ತಿದೆ ಅಂತ ಅರ್ಥ. ತಕ್ಷಣ ಉರಿ ತೆಗೆದು ದೂರ ಸರಿಯಿರಿ. ಕಿಟಕಿ ತೆರೆದೇ ಈ ಕೆಲಸಕ್ಕೆ ಕೂರಬೇಕು.

ಆದರೆ ನನ್ನನ್ನು ಕೇಳಿದರೆ, ಮಿಶ್ರ ಲೋಹದ ಹುರಿಯ ತುದಿ ಕೂಡಿಸಲು ಬೆಂಕಿಯೇ ಬೇಡ. ಬಳೆಯನ್ನು ಬಾಯಿ ಬಿಟ್ಟ ಕಡಗದಂತೆ ಮಾಡಿ. ತುದಿಗಳಿಗೆ ಅಳತೆಗೆ ತಕ್ಕ ಲೋಹದ ಟೊಪ್ಪಿಗಳನ್ನು ಹಾಕಿ, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟಿನಿಂದ ಕೂರಿಸಿ. ಅಂಟು ಹಚ್ಚುವ ಮೊದಲು ಹುರಿಯ ತುದಿಯನ್ನೂ ಟೊಪ್ಪಿಯ ಒಳಗನ್ನೂ ಎಮರಿ ಕಾಗದದಿಂದ ಒರಟು ಮಾಡಿ, ಎಣ್ಣೆಪಸೆ ತೆಗೆಯಿರಿ. ಟೊಪ್ಪಿ ಬೇಡವಾದರೆ ತೆಳು ತಂತಿಯಿಂದ ತುದಿಯನ್ನು ಒತ್ತೊತ್ತಾಗಿ ಹತ್ತು ಹನ್ನೆರಡು ಸುತ್ತು ಸುತ್ತಿ, ಚೂಪು ತುದಿಯನ್ನು ಎಳೆಗಳ ನಡುವೆ ಒತ್ತಿ ಅಡಗಿಸಿ. ಉಂಗುರಕ್ಕೂ ಇದೇ ಸಾಕು. ಆಕಾರ ಬಂದ ಮೇಲೆ ಮ್ಯಾಂಡ್ರೆಲ್ (ಬಳೆ, ಉಂಗುರ ತೊಡಿಸಿ ತಟ್ಟುವ ದುಂಡನೆಯ ಅಚ್ಚು) ಮೇಲಿಟ್ಟು ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಲೋಹ ಮತ್ತೆ ಗಡುಸಾಗಿ ಆಕಾರ ಹಿಡಿದು ನಿಲ್ಲುತ್ತದೆ. ಕಬ್ಬಿಣದ ಸುತ್ತಿಗೆ ಬಳಸಿದರೆ ಹುರಿಯ ಏರುತಗ್ಗೆಲ್ಲ ಅಳಿಸಿಹೋಗುತ್ತದೆ.

ಕೈ ಹಸಿರಾಗುವ ಮಾತು. ಬೆವರಿನ ಉಪ್ಪು, ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಲವಣ ಆಗುತ್ತದೆ, ಅದು ಚರ್ಮಕ್ಕೆ ಅಂಟುತ್ತದೆ. ಸೋಪಿನಲ್ಲಿ ತೊಳೆದರೆ ಹೋಗುತ್ತದೆ, ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಬೆಳ್ಳಿ ಪಕ್ಕದಲ್ಲಿ ಇರುವುದರಿಂದ ನಿಮ್ಮ ಬಳೆಯಲ್ಲಿ ಇದು ಬರೀ ತಾಮ್ರದ ಬಳೆಗಿಂತ ಸ್ವಲ್ಪ ಬೇಗ ಆಗಬಹುದು. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಬೆವರು ನಿಂತರೆ ಅದು ಸಣ್ಣ ಬ್ಯಾಟರಿಯೇ. ಸುಲಭಕ್ಕೆ ಸವೆಯದ ಬೆಳ್ಳಿ ಉಳಿದುಕೊಂಡು ತಾಮ್ರ, ಹಿತ್ತಾಳೆ ಸವೆಯುತ್ತವೆ. ಹುರಿಯ ಸಂದುಗಳಲ್ಲಿ ತೇವ ನಿಲ್ಲುವುದು ಜಾಸ್ತಿ. ಹಾಗಾಗಿ ಕಳಚಿಟ್ಟಾಗ ಒಣಬಟ್ಟೆಯಿಂದ ಒರೆಸಿ ಗಾಳಿಗೆ ಇಡಲು ಕೊಳ್ಳುವವರಿಗೆ ಹೇಳಿ. ಮೇಣದ ತೆಳು ಪದರ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಕೆಲವು ದಿನ ತಡೆಯುತ್ತದೆ. ಲ್ಯಾಕರ್ (ಲೋಹದ ಮೇಲೆ ಬಳಿಯುವ ಮೆರುಗೆಣ್ಣೆ) ಓಲೆಗೆ, ಪದಕಕ್ಕೆ ಸರಿ. ಬಳೆಯಲ್ಲಿ, ಉಂಗುರದಲ್ಲಿ ಅದು ಅಲ್ಲಲ್ಲಿ ಸವೆದು ಕಲೆಕಲೆಯಾಗುತ್ತದೆ, ಹಚ್ಚದಿರುವುದೇ ವಾಸಿ.

ಬಣ್ಣವೂ ಹಾಗೇ ಉಳಿಯುವುದಿಲ್ಲ. ತಾಮ್ರ ಕಂದಾಗುತ್ತದೆ, ಗಾಳಿಯಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ, ಹಿತ್ತಾಳೆ ಮಂಕಾಗುತ್ತದೆ. ಇದನ್ನು ತಡೆಯಲು ಒದ್ದಾಡುವ ಬದಲು ನೀವೇ ಮುಂದಾಗಿ ಕಪ್ಪು ಮಾಡಿ. ಲೋಹವನ್ನು ಕಪ್ಪು ಮಾಡುವ ಗಂಧಕದ ರಾಸಾಯನಿಕವಾದ ಲಿವರ್ ಆಫ್ ಸಲ್ಫರ್‌ನ ತೆಳು ದ್ರಾವಣದಲ್ಲಿ ಮುಳುಗಿಸಿ ತೆಗೆದು ತೊಳೆಯಿರಿ. ಬೆಳ್ಳಿ, ತಾಮ್ರ ಎರಡೂ ಕಪ್ಪಾಗುತ್ತವೆ, ಹಿತ್ತಾಳೆ ಅಷ್ಟಾಗಿ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಮೇಲ್ಭಾಗವನ್ನಷ್ಟೇ ನಯವಾದ ಕಾಗದದಿಂದ ಉಜ್ಜಿ. ಸಂದಿನಲ್ಲಿ ಕಪ್ಪು ಉಳಿದು, ಮೇಲೆ ಮೂರೂ ಬಣ್ಣ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಮುಂದೆ ತೊಟ್ಟಾಗಲೆಲ್ಲ ಬಟ್ಟೆ, ಚರ್ಮ ತಾಗಿ ಮೇಲ್ಭಾಗ ತಾನೇ ಹೊಳೆಯುತ್ತಿರುತ್ತದೆ.

ಈಗಾಗಲೇ ಕೆಟ್ಟ ಹುರಿಗಳು ನಿಮ್ಮ ಬಳಿ ಒಂದಿಷ್ಟು ಇರಬೇಕು. ಅವನ್ನು ಬಿಚ್ಚಿ ಮತ್ತೆ ಸುತ್ತಲು ಹೋಗಬೇಡಿ, ಬಿಚ್ಚಿದ ಎಳೆ ನೆಟ್ಟಗಾಗುವುದಿಲ್ಲ. ಎರಡು ಮೂರು ಸೆಂಟಿಮೀಟರಿನ ತುಂಡು ಮಾಡಿ, ಕಾಯಿಸಿ, ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆ ಮಾಡಿ. ಓರೆ ಪಟ್ಟೆಗಳು ಅಗಲವಾಗಿ ಹರಡಿ ಓಲೆಗೆ ಚೆಂದದ ಪಟ್ಟಿ ಆಗುತ್ತವೆ. ಉಳಿದ ಚೂರುಗಳನ್ನು ಬೇರೆ ಡಬ್ಬಿಯಲ್ಲಿಡಿ. ಅಪ್ಪಟ ಬೆಳ್ಳಿಯ ಚೂರಿನ ಜೊತೆ ಬೆರೆಸಿದರೆ ಆ ಬೆಳ್ಳಿಯೂ ಕಲಬೆರಕೆಯಾಗಿ, ಕರಗಿಸಿ ಮತ್ತೆ ಬಳಸಲು ಬರುವುದಿಲ್ಲ.